ಲೈಫ್‌ಗಾರ್ಡ್ ಇದ್ದಾರೆ ಸರಿ, ಅವರಿಗೆ ಪರೀಕ್ಷೆ ಆಗಿದ್ದು ಯಾವಾಗ?

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಶಾಲಾ ಪ್ರವಾಸಕ್ಕೆ ಬಂದಿದ್ದ ಮಕ್ಕಳು ಅವರು. ಶಿಕ್ಷಕರ ಬಂಧನವಾಯಿತು, ಪರಿಹಾರ ಘೋಷಣೆಯಾಯಿತು, ಪ್ರವಾಸಿಗರು ನೀರಿಗಿಳಿಯದಂತೆ ಕೆಲ ಕಾಲ ತಡೆಯೂ ಬಿತ್ತು. ಜೊತೆಗೆ, ಇಂಥ ಪ್ರತಿ ದುರಂತದ ನಂತರ ಕೇಳುವ ಮಾತು ಆಗಲೂ ಕೇಳಿಬಂತು: ಇನ್ನಷ್ಟು ಲೈಫ್‌ಗಾರ್ಡ್‌ಗಳನ್ನು ನೇಮಿಸಿ.

ಈ ಬೇಡಿಕೆ ಸರಿಯಾಗೇ ಇದೆ. 300 ಕಿ.ಮೀ.ಗೂ ಉದ್ದದ ನಮ್ಮ ಕರಾವಳಿಗೆ ಈಗಿರುವ ಕಾವಲು ಸಾಲದು. ಆದರೆ ಚರ್ಚೆ ಪ್ರತಿ ಸಲ 'ಎಷ್ಟು ಜನ' ಎಂಬಲ್ಲಿಗೇ ನಿಂತುಬಿಡುತ್ತದೆ. ಅವರಿಗೆ ಕಲಿಸಿದವರು ಯಾರು? ಪರೀಕ್ಷೆ ಮಾಡಿದವರು ಯಾರು? ಅವರು ಕಲಿತದ್ದು ಕಡಲಿಗೋ, ಈಜುಕೊಳಕ್ಕೋ? ಕೊನೆಯ ಸಲ ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ವಿಧಾನ) ಅಭ್ಯಾಸ ಮಾಡಿದ್ದು ಯಾವ ತಿಂಗಳು? ಇದನ್ನು ಯಾರೂ ಕೇಳುವುದಿಲ್ಲ. ಕೆಂಪು-ಹಳದಿ ಅಂಗಿ ಹಾಕಿದವರೊಬ್ಬರು ದಡದಲ್ಲಿ ನಿಂತಿದ್ದರೆ ನಮಗೆ ಸಮಾಧಾನ. ಆ ಸಮಾಧಾನಕ್ಕೆ ಆಧಾರ ಇದೆಯಾ ಎಂದು ನೋಡುವುದು ಈ ಲೇಖನದ ಉದ್ದೇಶ.

ಈಜು ಬಂದರೆ ಅರ್ಧ ಕೆಲಸವೂ ಆಗಲಿಲ್ಲ

ಮುರ್ಡೇಶ್ವರದ ಘಟನೆಗೆ ಕೆಲವೇ ವಾರ ಮೊದಲು, 2024ರ ನವೆಂಬರ್‌ನಲ್ಲಿ, ಮಂಗಳೂರು ಹತ್ತಿರದ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ಒಬ್ಬರು ಆಳದ ಕಡೆ ಹೋದರು. ಅವರನ್ನು ಉಳಿಸಲು ಇನ್ನೊಬ್ಬರು, ಆಮೇಲೆ ಮತ್ತೊಬ್ಬರು ಹೋದರು. ಎಲ್ಲ ಸಿಸಿಟಿವಿಯಲ್ಲಿ ದಾಖಲಾಗಿತ್ತು. ಅಲ್ಲಿ ಲೈಫ್‌ಗಾರ್ಡ್ ಇರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಅಲೆಯಿಲ್ಲ, ಸೆಳೆತವಿಲ್ಲ, ನಾಲ್ಕು ಗೋಡೆ ಕಟ್ಟಿದ ನೀರು. ಅಷ್ಟರಲ್ಲೇ ಮೂರು ಜೀವ ಹೋದವು.

ಮುಳುಗುವುದು ಹೇಗಿರುತ್ತದೆ ಎಂಬ ನಮ್ಮ ಕಲ್ಪನೆಯೇ ತಪ್ಪು. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಮೇಲೆತ್ತಿ ಬೀಸುತ್ತಾರೆ, ಕೂಗುತ್ತಾರೆ ಎಂದುಕೊಂಡಿದ್ದೇವೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಅಲ್ಲಿ ನಡೆದ ನಿಜವಾದ ರಕ್ಷಣೆಗಳ ಚಿತ್ರೀಕರಣವನ್ನು ಕೂತು ನೋಡಿ, ಆಗುವುದೇ ಬೇರೆ ಎಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಮುಳುಗುತ್ತಿರುವವರ ಮೈ ನೀರಲ್ಲಿ ನೆಟ್ಟಗೆ ನಿಂತಿರುತ್ತದೆ. ತಲೆ ಹಿಂದಕ್ಕೆ ವಾಲಿರುತ್ತದೆ. ಬಾಯಿ ನೀರಿನ ಮಟ್ಟದಲ್ಲೇ ಮುಳುಗುತ್ತದೆ, ಏಳುತ್ತದೆ. ಕೈಗಳು ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಉಸಿರಾಡುವುದಕ್ಕೇ ಸಮಯ ಸಾಲದಿರುವಾಗ ಕೂಗುವುದು ಎಲ್ಲಿಂದ? ಈ ಸ್ಥಿತಿ ಇರುವುದು 20ರಿಂದ 60 ಸೆಕೆಂಡ್. ಆಮೇಲೆ ಮನುಷ್ಯ ಕೆಳಗೆ. ಪಕ್ಕದಲ್ಲೇ ಆಡುತ್ತಿರುವವರಿಗೂ ಗೊತ್ತಾಗದಷ್ಟು ಸದ್ದಿಲ್ಲದೆ ಇದು ಮುಗಿದುಹೋಗುತ್ತದೆ.

ಹಾಗಾಗಿ ಲೈಫ್‌ಗಾರ್ಡ್ ತರಬೇತಿಯ ಜೀವಾಳ ಈಜಿಗಿಂತ ಜಾಸ್ತಿ ಕಣ್ಣಿನಲ್ಲಿದೆ. ಹಲವು ದೇಶಗಳ ಈಜುಕೊಳಗಳಲ್ಲಿ '10-20' ಎಂಬ ಲೆಕ್ಕ ಬಳಕೆಯಲ್ಲಿದೆ. ತನಗೆ ವಹಿಸಿದ ಜಾಗವನ್ನು ಲೈಫ್‌ಗಾರ್ಡ್ 10 ಸೆಕೆಂಡಿನೊಳಗೆ ಒಂದು ಸುತ್ತು ನೋಡಿ ಮುಗಿಸಬೇಕು. ತೊಂದರೆ ಕಂಡರೆ 20 ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು. ಮೇಲೆ ತೇಲುತ್ತಿರುವವರನ್ನಷ್ಟೇ ನೋಡಿದರೆ ಆಗದು, ತಳವನ್ನೂ ನೋಡಬೇಕು. ಒಂದು ಗಂಟೆ ಹೀಗೆ ಕಣ್ಣು ಕೀಳದೆ ನೋಡಿ ಸಾಕು, ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಚೆನ್ನಾಗಿ ನಡೆಸುವ ಕಡೆ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸುತ್ತಾರೆ, ನಡುವೆ ಬಿಡುವು ಕೊಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಒಬ್ಬರನ್ನೇ ಬಿಸಿಲಲ್ಲಿ ನಿಲ್ಲಿಸಿದರೆ, ಎಷ್ಟೇ ನಿಷ್ಠೆಯವರಾದರೂ ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆದಿದ್ದರೂ ನೋಟ ಮಂಕಾಗುತ್ತದೆ.

ಪರೀಕ್ಷೆಯಲ್ಲಿ ಏನಿರುತ್ತದೆ?

ಹೊರದೇಶಗಳಲ್ಲಿ ತರಬೇತಿಗೆ ಸೇರುವ ಮೊದಲೇ ಒಂದು ಪರೀಕ್ಷೆ ದಾಟಬೇಕು. ಬ್ರಿಟನ್ನಿನ ಈಜುಕೊಳ ಲೈಫ್‌ಗಾರ್ಡ್ ಅರ್ಹತೆಗೆ 16 ವರ್ಷ ತುಂಬಿರಬೇಕು. 50 ಮೀಟರನ್ನು 60 ಸೆಕೆಂಡಿನೊಳಗೆ ಈಜಬೇಕು. ಆಳದ ತಳದವರೆಗೆ ಮುಳುಗಿ ಬರಬೇಕು. ಏಣಿ ಹಿಡಿಯದೆ ದಡ ಹತ್ತಬೇಕು. ಆಸ್ಟ್ರೇಲಿಯಾದ ಕಡಲ ಸ್ವಯಂಸೇವಕರಿಗೆ ಇರುವುದು 'ಬ್ರಾಂಝ್ ಮೆಡಲಿಯನ್' ಎಂಬ ಅರ್ಹತೆ. 400 ಮೀಟರನ್ನು 9 ನಿಮಿಷದೊಳಗೆ ಈಜಿ ತೋರಿಸಬೇಕು. ಜೊತೆಗೆ ಮರಳ ಮೇಲೆ 200 ಮೀಟರ್ ಓಟ, ಕಡಲಲ್ಲಿ 200 ಮೀಟರ್ ಈಜು, ಮತ್ತೆ 200 ಮೀಟರ್ ಓಟ, ಎಲ್ಲ ಸೇರಿ 8 ನಿಮಿಷ. ಕಡಲ ರಕ್ಷಣೆ ನಡೆಯುವುದೇ ಹೀಗೆ. ನೀರಿಗೆ ಬೀಳುವ ಹೊತ್ತಿಗೆ ಓಡಿ ಅರ್ಧ ಉಸಿರು ಖಾಲಿಯಾಗಿರುತ್ತದೆ.

ಅಮೆರಿಕನ್ ರೆಡ್ ಕ್ರಾಸ್ ಪರೀಕ್ಷೆಯಲ್ಲಿ ಏಳರಿಂದ ಹತ್ತು ಅಡಿ ಆಳದಿಂದ ಸುಮಾರು ನಾಲ್ಕೂವರೆ ಕೆಜಿ ತೂಕದ ವಸ್ತುವನ್ನು ಎತ್ತಿ ತರಬೇಕು. ಈಜಿ ಹೋಗಿ, ಮುಳುಗಿ, ತೂಕವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಅಂಗಾತ ತೇಲುತ್ತಾ ಕಾಲಷ್ಟೇ ಬಡಿದು ವಾಪಸ್ ಬಂದು ದಡ ಹತ್ತಲು ಸಿಗುವುದು 1 ನಿಮಿಷ 40 ಸೆಕೆಂಡ್. ಅಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳ ಮಕ್ಕಳು 15 ದಾಟಿದ ಮೇಲೆ ಬೇಸಿಗೆ ರಜೆಯಲ್ಲಿ ಇದೇ ಪರೀಕ್ಷೆ ಬರೆದು ಊರಿನ ಈಜುಕೊಳದಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ಆ ಮಕ್ಕಳ ಸರ್ಟಿಫಿಕೇಟಿಗೂ ಎರಡೇ ವರ್ಷ ಆಯಸ್ಸು.

ಇಲ್ಲಿ ಒಂದು ಬೆಳವಣಿಗೆ ಗಮನಿಸಬೇಕು. ಕೋವಿಡ್ ನಂತರ ಅಮೆರಿಕದಲ್ಲಿ ಲೈಫ್‌ಗಾರ್ಡ್‌ಗಳೇ ಸಿಗದಾದರು. ಎಷ್ಟೋ ಕೊಳಗಳು ಬಾಗಿಲು ಹಾಕಿದವು, ಸಮಯ ಕಡಿತ ಮಾಡಿದವು. 2024ರಲ್ಲಿ ರೆಡ್ ಕ್ರಾಸ್ ಪ್ರವೇಶ ಪರೀಕ್ಷೆಯ ಈಜಿನ ದೂರವನ್ನು 300 ಗಜದಿಂದ 150 ಗಜಕ್ಕೆ ಇಳಿಸಿತು. ನಡುವೆ ಎರಡು ನಿಮಿಷ ಕೈ ಬಳಸದೆ ನಿಂತಲ್ಲೇ ತೇಲುವುದು, ಆಮೇಲೆ ಮತ್ತೆ 50 ಗಜ ಈಜುವುದು ಸೇರಿತು. ಮಟ್ಟ ಇಳಿಸಿದರು ಎಂಬ ಟೀಕೆಗೆ ಇದರಲ್ಲಿ ಜಾಗವಿದೆ. ಆದರೂ ಒಂದು ಕೊಳದ ಕಾವಲಿಗೆ ದೂರದ ಈಜಿಗಿಂತ ಚುರುಕಾದ ಅಲ್ಪ ದೂರವೇ ಮುಖ್ಯ ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ. ಕಡಲಿಗೆ ಮಾತ್ರ ಈ ರಿಯಾಯಿತಿ ಸಲ್ಲದು.

ನೀರಿಗಿಳಿದ ಮೇಲಿನ ಪಾಠ ಇನ್ನೂ ಸೂಕ್ಷ್ಮ. ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ಹತ್ತಿ ಮೇಲೇರಲು ನೋಡುತ್ತಾರೆ. ಸಿಕ್ಕಿದ್ದು ನಿಮ್ಮ ತಲೆಯಾದರೆ ನೀವೂ ಕೆಳಗೆ ಹೋಗುತ್ತೀರಿ. ಅದಕ್ಕೇ ಲೈಫ್‌ಗಾರ್ಡ್ ಕೈಯಲ್ಲಿ ರೆಸ್ಕ್ಯೂ ಟ್ಯೂಬ್ ಇರುತ್ತದೆ. ಅದು ಉದ್ದನೆಯ ಕೆಂಪು ಸ್ಪಂಜಿನ ದಿಂಡು, ಅದರ ಪಟ್ಟಿ ಲೈಫ್‌ಗಾರ್ಡ್ ಹೆಗಲಿಗೆ. ಹತ್ತಿರ ಹೋದಾಗ ಆ ದಿಂಡು ಸದಾ ಇಬ್ಬರ ನಡುವೆ ಇರಬೇಕು. ಅವರು ಅದನ್ನು ಅಪ್ಪಿಕೊಳ್ಳಲಿ, ನಮ್ಮನ್ನಲ್ಲ. ನೀರಿಗಿಳಿಯುವುದು ಕೊನೆಯ ದಾರಿ. ಮೊದಲು ಕೋಲು ಚಾಚು, ಆಮೇಲೆ ಹಗ್ಗ ಎಸೆ, ಅದೂ ಆಗದಿದ್ದರೆ ಮಾತ್ರ ಇಳಿ ಎಂದು ಕಲಿಸುತ್ತಾರೆ. ಸಾಮಾನ್ಯ ಜನರಿಗೂ ಇಷ್ಟು ಗೊತ್ತಿದ್ದರೆ, ಒಬ್ಬರನ್ನು ಉಳಿಸಲು ಹೋಗಿ ಮೂವರು ಸಾಯುವ ಸುದ್ದಿ ಕಡಿಮೆಯಾಗುತ್ತದೆ.

ದಡಕ್ಕೆ ತಂದ ಮೇಲೆ ಏನಾಗುತ್ತದೆ ಎಂಬುದು ನನಗೆ ಇನ್ನೂ ಚಿಂತೆಯ ವಿಷಯ. ನಮ್ಮ ಕೆರೆ ಏರಿಯ ಮೇಲೆ, ಕಡಲತೀರದಲ್ಲಿ ಈಗಲೂ ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ. ಬೋರಲು ಹಾಕಿಕೊಂಡು ಬೆನ್ನು ತಟ್ಟುತ್ತಾರೆ. ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೊಟ್ಟೆ ಒತ್ತಿದರೆ ಒಳಗಿನದು ವಾಂತಿಯಾಗಿ ಶ್ವಾಸಕೋಶಕ್ಕೇ ಹೋಗುವ ಅಪಾಯವಿದೆ. ಅಮೂಲ್ಯವಾದ ನಿಮಿಷಗಳು ಅಲ್ಲೇ ಹಾಳಾಗುತ್ತವೆ. ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ. ಆದ್ದರಿಂದ ಅವರಿಗೆ ಮೊದಲು ಬೇಕಾದದ್ದು ಉಸಿರು. ಹೃದಯಾಘಾತವಾದವರಿಗೆ ತರಬೇತಿ ಇಲ್ಲದವರು ಎದೆ ಒತ್ತುತ್ತಾ ಹೋದರೂ ನಡೆಯುತ್ತದೆ. ಮುಳುಗಿದವರ ವಿಷಯದಲ್ಲಿ ಯುರೋಪಿನ ಮಾರ್ಗಸೂಚಿ ಮೊದಲು ಐದು ಸಲ ಬಾಯಿಯ ಮೂಲಕ ಉಸಿರು ಕೊಡಿ, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು ಎಂಬ ಲೆಕ್ಕದಲ್ಲಿ ಮುಂದುವರಿಸಿ ಎನ್ನುತ್ತದೆ. ಇಂದು ಕಾಲೇಜು, ಕಚೇರಿಗಳಲ್ಲಿ ಕಲಿಸುವ ಅರ್ಧ ಗಂಟೆಯ ಸಿಪಿಆರ್ ಶಿಬಿರಗಳಲ್ಲಿ ಬರೀ ಎದೆ ಒತ್ತುವುದನ್ನು ಹೇಳಿಕೊಡುವುದೇ ಜಾಸ್ತಿ. ಅಷ್ಟನ್ನೇ ಕಲಿತವರನ್ನು ಕಡಲತೀರದಲ್ಲಿ ನಿಲ್ಲಿಸಿದರೆ ಸಾಲುವುದಿಲ್ಲ.

ಕೊಳ ಬೇರೆ, ಕಡಲು ಬೇರೆ, ಹೊಳೆ ಇನ್ನೂ ಬೇರೆ

ಸರ್ಟಿಫಿಕೇಟ್ ಅಂದಾಗ ಇನ್ನೊಂದು ಗೊಂದಲ ಇದೆ. ಈಜುಕೊಳಕ್ಕೆ ಪಡೆದ ಸರ್ಟಿಫಿಕೇಟ್ ಕಡಲಿಗೆ ನಡೆಯುವುದಿಲ್ಲ. ಕಡಲಲ್ಲಿ ಜೀವ ತೆಗೆಯುವುದು ಬಹುಪಾಲು ಸೆಳೆತ. ದಡಕ್ಕೆ ಅಪ್ಪಳಿಸಿದ ನೀರು ವಾಪಸ್ ಹೋಗಲು ಮರಳ ದಿಬ್ಬಗಳ ನಡುವೆ, ಬಂಡೆಗಳ ಪಕ್ಕ, ಅಳಿವೆಯ ಹತ್ತಿರ ಒಂದು ಕಾಲುವೆ ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವವರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಜನ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರಿಗೂ ವೇಗವಾಗಿ ಎಳೆಯಬಲ್ಲದು. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರಾಗಿ ಗೆಲ್ಲಲಾರರು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು, ಆಗದಿದ್ದರೆ ಸುಮ್ನೆ ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು.

ಸೆಳೆತ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಬೆಳಿಗ್ಗೆ ಬಂದು ನೀರು ಓದಿ, ಎಲ್ಲಿ ಬಾವುಟ ನೆಡಬೇಕು ಎಂದು ತೀರ್ಮಾನಿಸುವುದೇ ಕಡಲ ಲೈಫ್‌ಗಾರ್ಡಿನ ದಿನದ ಮೊದಲ ಕೆಲಸ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬಹುದು. ಬರೀ ಕೆಂಪು ಇದ್ದರೆ ಅಪಾಯ. ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯ್ಸ್ (INCOIS) ಸಂಸ್ಥೆ ಸೆಳೆತದ ಮುನ್ಸೂಚನೆಯನ್ನೂ ಕೊಡುತ್ತದೆ. ಅದನ್ನು ನೋಡಿ ಬಾವುಟ ನೆಡುವುದು ಪಠ್ಯದ ಭಾಗವಾಗಬೇಕು.

ಹೊಳೆಗಳ ಕಥೆ ಇನ್ನೂ ಕಷ್ಟದ್ದು. ಮೇಕೆದಾಟು, ಮುತ್ತತ್ತಿ, ಬಲಮುರಿಯಂಥ ಕಡೆ ಬಂಡೆ, ಸುಳಿ, ಮಡು ಎಲ್ಲ ಸೇರಿರುತ್ತವೆ. ಅಲ್ಲಿ ಬೇಕಾದದ್ದು ಹಗ್ಗ ಎಸೆಯುವ ಚೀಲ, ಹರಿಯುವ ನೀರಿನ ತರಬೇತಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಜಾಸ್ತಿ. ಇವರಲ್ಲಿ ಹೆಚ್ಚಿನವರು ಬೀಚಿನಲ್ಲಿ ಸತ್ತವರಲ್ಲ, ಕೆರೆ, ಬಾವಿ, ಹೊಳೆ, ಕಾಲುವೆಗಳಲ್ಲಿ ಸತ್ತವರು. ಎಲ್ಲ ಕಡೆ ಲೈಫ್‌ಗಾರ್ಡ್ ಇಡಲಾಗದು. ಅಲ್ಲಿಗೆ ಬೇಲಿ, ಮಕ್ಕಳಿಗೆ ಈಜು, ಊರವರಿಗೆ ಸಿಪಿಆರ್, ಇವೇ ಮದ್ದು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಮುಳುಗು ಸಾವು ತಡೆಗೆ ಒಂದು ಕಾರ್ಯಚೌಕಟ್ಟು ಹೊರತಂದಿದೆ. ಆದರೆ ಟಿಕೆಟ್ ಕೊಟ್ಟು, ಪಾರ್ಕಿಂಗ್ ಶುಲ್ಕ ತೆಗೆದುಕೊಂಡು ಜನರನ್ನು ನೀರಿನ ಬಳಿ ಕರೆಯುವ ಜಾಗಗಳಲ್ಲಿ ಕಾವಲು ಇಡಲಾರೆವು ಎನ್ನಲು ಯಾರಿಗೂ ಬಾಯಿಲ್ಲ.

ನಮ್ಮಲ್ಲಿ ಯಾರು ಕೊಡುತ್ತಾರೆ, ಯಾರು ಕೇಳುತ್ತಾರೆ?

ಭಾರತದಲ್ಲಿ ಕಲಿಸುವವರೇ ಇಲ್ಲ ಎಂದಲ್ಲ. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಈಜುಕೊಳ ಮತ್ತು ಕಡಲತೀರ ಎರಡಕ್ಕೂ ಬೇರೆ ಬೇರೆ ತರಬೇತಿ ಕೊಡುತ್ತದೆ, ಅಂತರರಾಷ್ಟ್ರೀಯ ಜೀವರಕ್ಷಕ ಒಕ್ಕೂಟದ ಜೊತೆ ಅದಕ್ಕೆ ನಂಟಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಜೀವರಕ್ಷಣೆಯ ಕೋರ್ಸ್ ಅಲ್ಲೂ ಸಿಗುತ್ತದೆ. ಗೋವಾ ಸರ್ಕಾರ 2008ರಿಂದ ತನ್ನ ಬೀಚುಗಳ ಕಾವಲನ್ನು ದೃಷ್ಟಿ ಮೆರೈನ್ ಎಂಬ ಸಂಸ್ಥೆಗೆ ವಹಿಸಿದೆ. ಗೋಪುರ, ಜೀಪು, ಜೆಟ್ ಸ್ಕೀ, ಪಾಳಿ ಎಲ್ಲ ಒಂದು ವ್ಯವಸ್ಥೆಯಾಗಿ ನಡೆಯುತ್ತದೆ. ಕೆಲಸದ ಭದ್ರತೆಗಾಗಿ ಅಲ್ಲಿನ ಲೈಫ್‌ಗಾರ್ಡ್‌ಗಳು ಹಲವು ಸಲ ಬೀದಿಗಿಳಿದದ್ದೂ ಇದೆ, ಆ ಮಾದರಿಯಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಆದರೆ ಯಾರು ಜವಾಬ್ದಾರರು ಎಂಬ ಪ್ರಶ್ನೆಗೆ ಅಲ್ಲಿ ಒಂದು ಹೆಸರಾದರೂ ಸಿಗುತ್ತದೆ.

ಕೊರತೆ ಇರುವುದು ಕೇಳುವ ಕಡೆ. ಲಾರಿ ಓಡಿಸುವವರಿಗೆ ಲೈಸೆನ್ಸ್ ಇದೆ, ಅದಕ್ಕೆ ಅವಧಿ ಇದೆ. ಲೈಫ್‌ಗಾರ್ಡ್ ಕೆಲಸಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಒಂದು ಲೈಸೆನ್ಸ್ ನಮ್ಮಲ್ಲಿಲ್ಲ. ಐದು ವರ್ಷದ ಹಿಂದೆ ಪಡೆದ ಕಾಗದವೂ ಸರ್ಟಿಫಿಕೇಟೇ, ಎರಡು ದಿನದ ಶಿಬಿರದ ಕಾಗದವೂ ಸರ್ಟಿಫಿಕೇಟೇ. ಸಿಪಿಆರ್ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬ್ರಿಟನ್ನಿನಲ್ಲಿ ಎರಡು ವರ್ಷದಲ್ಲಿ ಕನಿಷ್ಠ 20 ಗಂಟೆ ಅಭ್ಯಾಸ ಮಾಡಿ, ಮತ್ತೆ ಪರೀಕ್ಷೆಗೆ ಕೂರಬೇಕು ಎನ್ನುವುದು ಇದೇ ಕಾರಣಕ್ಕೆ. ಆಸ್ಟ್ರೇಲಿಯಾದಲ್ಲಿ ವರ್ಷ ವರ್ಷ ಮಾಡಿ ತೋರಿಸಬೇಕು.

ನಮ್ಮದೇ ನೆಲದಲ್ಲಿ ಒಂದು ಉದಾಹರಣೆ ಇದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆಯಿಂದ ಹಿಡಿದು ಸುರಕ್ಷತೆಯವರೆಗೆ 33 ಮಾನದಂಡ. ಆ ಬಾವುಟ ಒಮ್ಮೆ ಬಂದರೆ ಸದಾ ಇರುವುದಿಲ್ಲ, ಪ್ರತಿ ವರ್ಷ ತಪಾಸಣೆ ಮಾಡಿಸಿ ಹೊಸದಾಗಿ ಪಡೆಯಬೇಕು. ಬೀಚಿಗೆ ವರ್ಷದ ಪರೀಕ್ಷೆ ಇಡಲು ನಮಗೆ ಬಂದಿದೆ. ಅದನ್ನು ಕಾಯುವ ಮನುಷ್ಯರಿಗೂ ಅದೇ ಶಿಸ್ತು ತರುವುದು ಕಷ್ಟವೇನಲ್ಲ, ಅಲ್ವಾ?

ಕೌಶಲಕ್ಕೇನೂ ನಮ್ಮಲ್ಲಿ ಬರವಿಲ್ಲ. ಮೊಗವೀರ, ಖಾರ್ವಿ ಮನೆಗಳ ಹುಡುಗರಿಗೆ ಕಡಲನ್ನು ಪುಸ್ತಕದಿಂದ ಕಲಿಸಬೇಕಿಲ್ಲ. ಅಲೆಯ ಬಣ್ಣ ನೋಡಿ ಆಳ ಹೇಳುತ್ತಾರೆ. ಇಂದು ಕರಾವಳಿಯಲ್ಲಿ ಲೈಫ್‌ಗಾರ್ಡ್ ಆಗಿ ನಿಂತವರಲ್ಲಿ ಇಂಥವರು ಬಹಳ. ಅವರ ಧೈರ್ಯದಿಂದಲೇ ಎಷ್ಟೋ ಜನ ಮನೆ ಸೇರಿದ್ದಾರೆ. ಅವರಿಗೆ ಬೇಕಾದದ್ದು ಸಿಪಿಆರ್, ಬೆನ್ನುಮೂಳೆಗೆ ಪೆಟ್ಟಾದವರನ್ನು ಎತ್ತುವ ವಿಧಾನ, ಗುಂಪು ನಿಭಾಯಿಸುವ ಪಾಠ, ಮತ್ತು ವರ್ಷವಿಡೀ ಗ್ಯಾರಂಟಿ ಇರುವ ಸಂಬಳ. ಈಗ ಸಾಮಾನ್ಯವಾಗಿ ಸಿಗುವುದು ಗುತ್ತಿಗೆ ಕೆಲಸ. ಒಳ್ಳೆಯ ಈಜುಗಾರ ಹುಡುಗ ಬೋಟಿಗೋ, ಗಲ್ಫ್ ಹೋಟೆಲಿನ ಈಜುಕೊಳಕ್ಕೋ ಹೋದರೆ ಅವನನ್ನು ದೂರಲಾಗದು.

ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವವರನ್ನು ನೋಡಿ. ಅಂತರರಾಷ್ಟ್ರೀಯ ಸರ್ಫಿಂಗ್ ಸಂಘದ ಮಾನ್ಯತೆ ಬೇಕೆಂದರೆ ನೀರಿನ ರಕ್ಷಣೆ, ಸಿಪಿಆರ್ ಎರಡರ ಅರ್ಹತೆಯೂ ಚಾಲ್ತಿಯಲ್ಲಿರಬೇಕು. ಕೇಳುವವರಿದ್ದಾರೆ, ಅದಕ್ಕೇ ಅವರು ಕಲಿಯುತ್ತಾರೆ. ಅದೇ ಕಡಲು, ಅದೇ ಊರಿನ ಹುಡುಗರು.

ಮಲ್ಪೆಯ ಈಶ್ವರ್ ಮಲ್ಪೆ ಅವರನ್ನು ರಾಜ್ಯವೆಲ್ಲ ಬಲ್ಲದು. 2024ರ ಶಿರೂರು ಗುಡ್ಡ ಕುಸಿತದ ಸಮಯದಲ್ಲಿ ಗಂಗಾವಳಿ ಹೊಳೆಗೆ ಇಳಿದು ಹುಡುಕಿದವರು. ಅಂಥ ಮುಳುಗು ತಜ್ಞರಿಗೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ. ಆದರೆ ಮುಳುಗು ತಜ್ಞರನ್ನು ಕರೆಯುವ ಹೊತ್ತಿಗೆ ಸಾಮಾನ್ಯವಾಗಿ ಜೀವ ಹೋಗಿರುತ್ತದೆ. ಅವರನ್ನು ಕರೆಯುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಲೈಫ್‌ಗಾರ್ಡ್ ಕೆಲಸ. ಸೀಟಿ ಊದಿ ಹತ್ತು ಜನರನ್ನು ಹಿಂದೆ ಕರೆದದ್ದು ಪತ್ರಿಕೆಯಲ್ಲಿ ಬರುವುದಿಲ್ಲ. ಬೈಸಿಕೊಳ್ಳುವುದು ಮಾತ್ರ ಖಾಯಂ. ಕುಡಿದು ಬಂದ ಗುಂಪಿನ ಎದುರು ಒಬ್ಬ ಗುತ್ತಿಗೆ ನೌಕರನ ಸೀಟಿಗೆ ಬೆಲೆ ಬರಬೇಕೆಂದರೆ ಅವನ ಹಿಂದೆ ಪೊಲೀಸ್ ಬಲವೂ ದಂಡ ಹಾಕುವ ಅಧಿಕಾರವೂ ಇರಬೇಕು.

ಮಾಡಬಹುದಾದದ್ದು

ಮಳೆಗಾಲದಲ್ಲಿ ನಮ್ಮ ಬೀಚುಗಳಲ್ಲಿ ನೀರಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ದಡದುದ್ದಕ್ಕೂ ಬಲೆ ಕಟ್ಟುತ್ತಾರೆ. ಪಣಂಬೂರು, ತಣ್ಣೀರುಬಾವಿ ಕಡೆ ಹೋಂ ಗಾರ್ಡ್‌ಗಳನ್ನು ನಿಲ್ಲಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ಸಮಯವನ್ನು ಸಂಬಳ ಸಮೇತ ತರಬೇತಿಯ ಕಾಲ ಮಾಡಬಹುದು. ಕಡಲು ಒರಟಾಗಿದ್ದರೆ ಮಂಗಳೂರಿನ ಎಮ್ಮೆಕೆರೆ, ಉಡುಪಿಯ ಅಜ್ಜರಕಾಡು ಈಜುಕೊಳಗಳಿವೆ. ಸೆಪ್ಟೆಂಬರ್ ಕೊನೆಗೆ ಕಡಲು ತಣಿದಾಗ ಓಟ, ಈಜು, ರಕ್ಷಣೆ, ಸಿಪಿಆರ್ ಎಲ್ಲದರ ಪರೀಕ್ಷೆ ಇಡಬೇಕು. ಪರೀಕ್ಷೆ ಮಾಡುವವರು ಗುತ್ತಿಗೆ ಕೊಟ್ಟವರಾಗಿರಬಾರದು, ಹೊರಗಿನವರಾಗಿರಬೇಕು. ಪಾಸಾದವರ ಹೆಸರು, ಯಾವ ನೀರಿಗೆ ಅರ್ಹರು, ಯಾವ ದಿನಾಂಕದವರೆಗೆ ಎಂಬುದು ಜಿಲ್ಲೆಯ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವಾಗ ಪಟ್ಟಿ ಸಿದ್ಧವಿರುತ್ತದೆ. ಮಹಿಳೆಯರನ್ನೂ ಸೇರಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಗುಂಪು ನೀರಿಗಿಳಿದಾಗ ಹತ್ತಿರ ನಿಂತು ಎಚ್ಚರಿಸಲು, ತಡೆಯಲು ಅವರಿಗೆ ಸುಲಭ.

ಊರೊಳಗಿನ ಈಜುಕೊಳಗಳಿಗೆ ಸರ್ಕಾರವನ್ನು ಕಾಯಬೇಕಾಗಿಲ್ಲ. ಬೆಂಗಳೂರು, ಮೈಸೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕೊಳದ ಪಕ್ಕ ಒಬ್ಬರು ಇರುತ್ತಾರೆ. ಕ್ಲೋರಿನ್ ಹಾಕುವವರು ಅವರೇ, ಎಲೆ ತೆಗೆಯುವವರು ಅವರೇ, ಟೋಪಿ ಹಾಕಿದ್ದೀರಾ ಎಂದು ನೋಡುವವರೂ ಅವರೇ, ರಿಜಿಸ್ಟರ್ ಬರೆಸುವವರೂ ಅವರೇ. ಬೋರ್ಡಿನಲ್ಲಿ ಮಾತ್ರ 'ಲೈಫ್‌ಗಾರ್ಡ್ ಇದ್ದಾರೆ' ಎಂದಿರುತ್ತದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಮೂರು ವಿಷಯ ಕೇಳಿ. ಸರ್ಟಿಫಿಕೇಟ್ ಯಾರು ಕೊಟ್ಟದ್ದು, ಯಾವ ವರ್ಷದ್ದು? ಉಸಿರು ಕೊಡುವುದೂ ಸೇರಿ ಸಿಪಿಆರನ್ನು ಬೊಂಬೆಯ ಮೇಲೆ ಈಗ ಮಾಡಿ ತೋರಿಸಬಲ್ಲರಾ? ಮಕ್ಕಳು ನೀರಲ್ಲಿರುವ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಏನೇನು ವಹಿಸಿದ್ದೇವೆ? ಈ ಕೊನೆಯ ಪ್ರಶ್ನೆಗೆ ಉತ್ತರ 'ಏನೂ ಇಲ್ಲ' ಎಂದು ಬರುವವರೆಗೆ ಆ ಬೋರ್ಡನ್ನು ಇಳಿಸಿಡುವುದು ಒಳ್ಳೆಯದು.